ನಾಗರಿಕ ಸಮಾಜದ ಒಕ್ಕೂಟಗಳ ನಕ್ಷೆ ಸಿದ್ಧಪಡಿಸುವ ಬಗೆ

ಅಭಿವೃದ್ಧಿ ಮತ್ತು ಮಾನವೀಯ ನೆರವಿನ ಕ್ಷೇತ್ರದ ಯಾವುದೇ ಒಕ್ಕೂಟದ ಜಾಲತಾಣ ತೆರೆದರೂ ಸದಸ್ಯರ ಪಟ್ಟಿ ಸಾಮಾನ್ಯವಾಗಿ ಸಿಗುತ್ತದೆ. ಅಂತಹ ಪಟ್ಟಿಗಳನ್ನು ಒಂದೇ ಹಾಳೆಗೆ ಇಳಿಸಿ ಹೆಸರುಗಳ ನಡುವೆ ಗೆರೆ ಎಳೆದರೆ ನೋಡಲು ನಕ್ಷೆಯೇನೋ ಸಿದ್ಧವಾಗುತ್ತದೆ. ಆದರೆ ನಿರ್ಧಾರ ಯಾರದು, ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಯಾರ ಮಾತು ಎಲ್ಲಿಯವರೆಗೆ ತಲುಪುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಭೂಕಂಪದ ನಂತರ ಸ್ಥಳೀಯ ಸಂಸ್ಥೆಯೊಂದರ ಅಹವಾಲು ವಿಶ್ವಸಂಸ್ಥೆಯ ಸಮನ್ವಯ ಸಭೆಗೆ ಯಾವ ದಾರಿಯಿಂದ ಹೋಗುತ್ತದೆ?’ ಎಂಬ ಪ್ರಶ್ನೆಗೆ ಬೇಕಾದ ನಕ್ಷೆ ಬೇರೆ, ‘ಬಡ ದೇಶಗಳ ಸಾಲ ಮನ್ನಾಕ್ಕಾಗಿ ಯಾರು ಒಟ್ಟಾಗಿ ಒತ್ತಾಯಿಸುತ್ತಿದ್ದಾರೆ?’ ಎಂಬುದಕ್ಕೆ ಬೇಕಾದ ನಕ್ಷೆ ಬೇರೆ.

ನಂತರ ಒಕ್ಕೂಟಗಳನ್ನು, ಸದಸ್ಯರನ್ನು ಒಟ್ಟಿಗೆ ಹಿಡಿದಿಟ್ಟಿರುವ ಕಾರಣದ ಪ್ರಕಾರ ವಿಂಗಡಿಸಿ. 1962ರಲ್ಲಿ ಸ್ಥಾಪನೆಯಾಗಿ ಜಿನೀವಾದಲ್ಲಿ ನೆಲೆಸಿರುವ ಐಸಿವಿಎ, 1984ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಂಟರ್‌ಆಕ್ಷನ್, 1993ರ ಬ್ರಿಟನ್ನಿನ ಬಾಂಡ್ ಇವೆಲ್ಲ ಸ್ವಯಂಸೇವಾ ಸಂಸ್ಥೆಗಳ ಸ್ಥಾಯಿ ವೇದಿಕೆಗಳು. 1963ರಿಂದ ಬ್ರಿಟನ್ನಿನಲ್ಲಿರುವ ಡಿಇಸಿ, ದೊಡ್ಡ ವಿಪತ್ತುಗಳ ವೇಳೆ ಸದಸ್ಯ ಸಂಸ್ಥೆಗಳ ಪರವಾಗಿ ಒಟ್ಟಾಗಿ ದೇಣಿಗೆ ಕೇಳಲು ಕಟ್ಟಿಕೊಂಡ ಕೂಟ. 1997ರ ಸ್ಫಿಯರ್ ನೆರವಿನ ಕನಿಷ್ಠ ಮಾನದಂಡಗಳ ಸುತ್ತ ಬೆಳೆದದ್ದು. 1992ರಲ್ಲಿ ಆರು ಸಂಸ್ಥೆಗಳು ಸೇರಿ ಆರಂಭಿಸಿದ ನೆಲಬಾಂಬ್ ನಿಷೇಧದ ಅಂತಾರಾಷ್ಟ್ರೀಯ ಅಭಿಯಾನವು 1997ರಲ್ಲಿ ನೆಲಬಾಂಬ್‌ಗಳನ್ನು ನಿಷೇಧಿಸುವ ಒಟ್ಟಾವಾ ಒಪ್ಪಂದವನ್ನೂ ನೊಬೆಲ್ ಶಾಂತಿ ಪುರಸ್ಕಾರವನ್ನೂ ಕಂಡಿತು. ಒಂದೇ ಬೇಡಿಕೆಯ ಸುತ್ತ ಸೇರುವ ಇಂತಹ ಬಳಗದಲ್ಲಿ ಸದಸ್ಯತ್ವದ ಅರ್ಥ ಸ್ಥಾಯಿ ವೇದಿಕೆಯಲ್ಲಿರುವಂತಹದ್ದಲ್ಲ. ಒಂದೇ ಸಂಸ್ಥೆ ಈ ಎಲ್ಲ ಬಗೆಯ ಕೂಟಗಳಲ್ಲೂ ಇರಬಹುದು, ಆದರೆ ಒಂದೊಂದಕ್ಕೂ ಅದು ಕೊಡುವ ಸಮಯ, ಹಣ, ಹೆಸರು ಒಂದೇ ಪ್ರಮಾಣದಲ್ಲಿರುವುದಿಲ್ಲ.

ಮಾಹಿತಿಯನ್ನು ಎರಡು ಕೋಷ್ಟಕಗಳಲ್ಲಿ ಇಡುವುದು ಒಳ್ಳೆಯದು. ಮೊದಲನೆಯದು ಸಂಸ್ಥೆಗಳದು, ಎರಡನೆಯದು ಸಂಬಂಧಗಳದು. ಸದಸ್ಯತ್ವ, ಹಣದ ಹರಿವು, ಜಂಟಿ ಹೇಳಿಕೆಗೆ ಹಾಕಿದ ಸಹಿ, ಆಡಳಿತ ಮಂಡಳಿಯಲ್ಲಿನ ಸ್ಥಾನ ಇವುಗಳನ್ನು ಬೇರೆಬೇರೆ ಸಾಲುಗಳಾಗಿ, ಪ್ರತಿಯೊಂದಕ್ಕೂ ಆಧಾರ ಮತ್ತು ದಿನಾಂಕ ಸಹಿತ ದಾಖಲಿಸಿ. ಹೆಸರುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ನೆರವಿನ ಗುಣಮಟ್ಟ ಮತ್ತು ಹೊಣೆಗಾರಿಕೆಗಾಗಿ ಇರುವ ಸಿಎಚ್‌ಎಸ್ ಅಲಯನ್ಸ್ 2015ರಲ್ಲಿ ಎರಡು ಹಳೆಯ ಸಂಸ್ಥೆಗಳು ವಿಲೀನವಾಗಿ ಬಂದದ್ದು, ನೆಲಬಾಂಬ್ ಅಭಿಯಾನವು 2011ರಲ್ಲಿ ಕ್ಲಸ್ಟರ್ ಬಾಂಬ್ ವಿರೋಧಿ ಒಕ್ಕೂಟದೊಂದಿಗೆ ಸೇರಿಕೊಂಡಿತು. ಹಳೆಯ ಹೆಸರುಗಳನ್ನು ಅಳಿಸದೆ ಉಳಿಸಿಕೊಂಡರೆ ಮಾತ್ರ ಹಿಂದಿನ ವರದಿಗಳೊಂದಿಗೆ ತಾಳೆ ನೋಡಲು ಸಾಧ್ಯ. ಇನ್ನೊಂದು ತೊಡಕು ಒಕ್ಕೂಟಗಳ ಒಕ್ಕೂಟದ್ದು. ಫೋರಸ್‌ನಂತಹ ಜಾಗತಿಕ ಜಾಲಕ್ಕೆ ರಾಷ್ಟ್ರಮಟ್ಟದ ಮತ್ತು ಪ್ರಾದೇಶಿಕ ವೇದಿಕೆಗಳೇ ಸದಸ್ಯರು. ಆ ವೇದಿಕೆಗಳ ಸದಸ್ಯರನ್ನೆಲ್ಲ ಕೂಡಿಸಿ ಜಾಲದ ಬಲವೆಂದು ತೋರಿಸಿದರೆ, ಆ ಜಾಲದ ಹೆಸರನ್ನೇ ಕೇಳಿರದ ಸಂಸ್ಥೆಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ.

ಹೆಚ್ಚು ಸಮಯ ಕೊಡಬೇಕಾದದ್ದು ಅಧಿಕಾರದ ಹಾದಿಯನ್ನು ಗುರುತಿಸುವುದಕ್ಕೆ. ವಿಶ್ವಸಂಸ್ಥೆಯ ಮಹಾಸಭೆಯ 1991ರ 46/182 ನಿರ್ಣಯದ ಬೆನ್ನಿಗೆ, ಮಾನವೀಯ ನೆರವಿನ ಸಮನ್ವಯಕ್ಕಾಗಿ ರೂಪುಗೊಂಡ ಅಂತರ-ಸಂಸ್ಥಾ ಸ್ಥಾಯಿ ಸಮಿತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳು ನೇರವಾಗಿ ಒಂದೊಂದಾಗಿ ಕೂರುವುದಿಲ್ಲ; ಐಸಿವಿಎ, ಇಂಟರ್‌ಆಕ್ಷನ್ ಮತ್ತು ದೊಡ್ಡ ಅಂತಾರಾಷ್ಟ್ರೀಯ ನೆರವು ಸಂಸ್ಥೆಗಳ ಎಸ್‌ಸಿಎಚ್‌ಆರ್ ಎಂಬ ಮೂರು ಕೂಟಗಳು ಸ್ಥಾಯಿ ಆಹ್ವಾನಿತರಾಗಿ ಅವುಗಳ ಪರವಾಗಿ ಭಾಗವಹಿಸುತ್ತವೆ. ಒಂದು ಸಣ್ಣ ಸಂಸ್ಥೆಯಿಂದ ಆ ಸಭೆಯವರೆಗೆ ಎಷ್ಟು ಕೊಂಡಿಗಳಿವೆ, ಸದಸ್ಯತ್ವ ಶುಲ್ಕ ಎಷ್ಟು, ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಕಚೇರಿ ಯಾವ ದೇಶದಲ್ಲಿದೆ ಎಂಬುದನ್ನು ಬರೆದುಕೊಂಡಾಗ ಯಾರು ಎಲ್ಲಿ ಹೊರಗುಳಿಯುತ್ತಾರೆ ಎಂಬುದು ಕಾಣತೊಡಗುತ್ತದೆ. ಹಣಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ಪ್ರಕಟವಾದ, ದಾನಿಗಳು ಮತ್ತು ನೆರವು ಸಂಸ್ಥೆಗಳ ನಡುವಿನ ಗ್ರ್ಯಾಂಡ್ ಬಾರ್ಗೇನ್ ಎಂಬ ಒಪ್ಪಂದವು 2020ರ ಹೊತ್ತಿಗೆ ಮಾನವೀಯ ನೆರವಿನ ಹಣದಲ್ಲಿ ಕನಿಷ್ಠ ಶೇ 25ರಷ್ಟನ್ನು ಸ್ಥಳೀಯ ಮತ್ತು ರಾಷ್ಟ್ರೀಯ ಸಂಸ್ಥೆಗಳಿಗೆ ಸಾಧ್ಯವಾದಷ್ಟು ನೇರವಾಗಿ ತಲುಪಿಸುವ ಗುರಿ ಇಟ್ಟುಕೊಂಡಿತ್ತು. ‘ಸಾಧ್ಯವಾದಷ್ಟು ನೇರವಾಗಿ’ ಎಂಬ ಮಾತು ಎಷ್ಟರಮಟ್ಟಿಗೆ ಪಾಲನೆಯಾಗಿದೆ ಎಂಬುದನ್ನು ನಿಮ್ಮ ನಕ್ಷೆ ತೋರಿಸಬೇಕಾದರೆ, ದಾನಿಗೂ ಕೊನೆಯ ಸಂಸ್ಥೆಗೂ ನಡುವಿರುವ ಪ್ರತಿಯೊಬ್ಬ ಮಧ್ಯವರ್ತಿಯೂ ಅದರಲ್ಲಿ ಇರಬೇಕು. ಅದೇ ಶೃಂಗಸಭೆಯಲ್ಲಿ ಆರಂಭಗೊಂಡ ನಿಯರ್ ಎಂಬ, ಜಾಗತಿಕ ದಕ್ಷಿಣದ ಅಂದರೆ ಅಭಿವೃದ್ಧಿಶೀಲ ದೇಶಗಳ ಸಂಸ್ಥೆಗಳ ಜಾಲವನ್ನೂ ಬಿಡದೆ ಸೇರಿಸಿ.

ದಾಖಲೆಗಳಲ್ಲಿ ಸಿಗದ ಸಂಬಂಧಗಳಿಗಾಗಿ ಜನರನ್ನು ಮಾತನಾಡಿಸಲೇಬೇಕು. ‘ನೀವು ಯಾವ ಒಕ್ಕೂಟದಲ್ಲಿದ್ದೀರಿ?’ ಎಂದು ಕೇಳುವುದಕ್ಕಿಂತ ‘ಕಳೆದ ತುರ್ತು ಪರಿಸ್ಥಿತಿಯಲ್ಲಿ ಮೊದಲು ಯಾರಿಗೆ ಫೋನ್ ಮಾಡಿದಿರಿ?’ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ನೋಂದಣಿಯಿಲ್ಲದ ಮಹಿಳಾ ಗುಂಪುಗಳು, ನಿರಾಶ್ರಿತರೇ ನಡೆಸುವ ಸಮಿತಿಗಳು, ಧಾರ್ಮಿಕ ಸಂಘಗಳು ಬೆಳಕಿಗೆ ಬರುವುದು ಇಂತಹ ಉತ್ತರಗಳಲ್ಲಿಯೇ.

ಆದರೆ ಕಂಡದ್ದನ್ನೆಲ್ಲ ಪ್ರಕಟಿಸಬಾರದು. ಸರ್ಕಾರಗಳು ಸಂಘಟನೆಗಳನ್ನು ಹತ್ತಿಕ್ಕುತ್ತಿರುವ ಕಡೆ, ಯಾರು ಯಾರಿಂದ ಹಣ ಪಡೆಯುತ್ತಾರೆ ಎಂಬ ಒಂದು ಗೆರೆಯೇ ಜನರನ್ನು ಅಪಾಯಕ್ಕೆ ಒಡ್ಡಬಲ್ಲದು. ಪೂರ್ಣ ಪ್ರತಿಯನ್ನು ಸುರಕ್ಷಿತವಾಗಿಟ್ಟು, ಹೊರಗೆ ಕೊಡುವ ಪ್ರತಿಯಲ್ಲಿ ಸಂಬಂಧಪಟ್ಟವರ ಒಪ್ಪಿಗೆಯಿರುವ ವಿವರಗಳನ್ನಷ್ಟೇ ಉಳಿಸಿ, ಅದನ್ನು ಮೊದಲು ಅವರಿಗೇ ತೋರಿಸಿ. ಹೆಸರು ತೆಗೆಯಿರಿ ಎಂದವರಿಂದ ಕಾರಣ ಕೇಳಬೇಡಿ. ಪರಿಶೀಲಿಸಿ ಎರಡು ವರ್ಷ ದಾಟಿದ ಸಂಬಂಧಗಳನ್ನು ಮತ್ತೆ ವಿಚಾರಿಸುವವರೆಗೆ ಚುಕ್ಕೆಗೆರೆಯಲ್ಲಿ ತೋರಿಸಿ.