ಹಳೇ ಬಿಲ್ಡ್ ಟೂಲ್ ಕೈಗೆ ಬಂದ್ರೆ ಎಲ್ಲಿಂದ ಶುರು ಮಾಡೋದು

ನಮ್ಮ ಕಾಸರಗೋಡಲ್ಲಿ ಅಡಿಕೆ ಅಂಗಡಿಯವ್ರಿಗೆ, ಸೊಸೈಟಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋದು ಅಂದ್ರೆ ಒಂದೇ ಪ್ರೋಗ್ರಾಂ ಮೂರು ಭಾಷೆಯಲ್ಲಿ ಹೊರಗೆ ಬರ್ಬೇಕು. ಬದಿಯಡ್ಕ, ಪೆರ್ಲ ಕಡೆ ಬಿಲ್ ಕನ್ನಡದಲ್ಲಿ ಕೇಳ್ತಾರೆ, ಕಾಞಂಗಾಡ್ ಕಡೆ ಮಲಯಾಳದಲ್ಲಿ, ಆಡಿಟಿಗೆ ಇಂಗ್ಲಿಷ್. ಇದನ್ನೆಲ್ಲ ಸೇರಿಸಿ ಇನ್‌ಸ್ಟಾಲರ್ ಕಟ್ಟಿಕೊಡ್ಲಿಕ್ಕೆ ಒಂದು ಬಿಲ್ಡ್ ಟೂಲ್ ಇರ್ತದೆ, ಅರ್ಧ ಮೇಕ್‌ಫೈಲ್, (ಯಾವ ಫೈಲಿಂದ ಯಾವ ಫೈಲು ಮಾಡ್ಬೇಕು ಅಂತ ಮೇಕ್ ಅನ್ನೋ ಪ್ರೋಗ್ರಾಮಿಗೆ ಬರೆದಿಡುವ ಪಟ್ಟಿ) ಅರ್ಧ ಪೈಥಾನ್, ನಡುವೆ ಯಾರೋ ತುರುಕಿದ ಶೆಲ್ ಸ್ಕ್ರಿಪ್ಟ್, ಬರೆದವ್ರು ಯಾವತ್ತೋ ಬೆಂಗಳೂರೋ ದುಬೈಯೋ ಸೇರಿ ಆಗಿರ್ತದೆ. ಅದನ್ನ ಓಪನ್ ಮಾಡಿದ ಮೊದಲ ದಿನವೇ ಎಲ್ಲರಿಗೂ ಅನಿಸೋದು ಒಂದೇ, ಇದನ್ನ ಬಿಸಾಡಿ ಹೊಸತು ಬರೀವ ಅಂತ. ಬೇಡ ಮಾರಾಯ್ರೆ. ಆ ಚಂದ ಇಲ್ಲದ ಸಾಲುಗಳಲ್ಲಿ ಸುಮಾರು ಗಿರಾಕಿಗಳ ಕಂಪ್ಲೇಂಟಿಗೆ ಉತ್ತರ ಉಂಟು, ಯಾವ ಸಾಲು ಯಾವ ಕಂಪ್ಲೇಂಟಿಗೆ ಅಂತ ಮಾತ್ರ ಬರೆದಿಲ್ಲ.

ಮೊದಲ ಕೆಲಸ, ಕೋಡ್ ಮುಟ್ಟದೆ ಎರಡು ಸಲ ಬಿಲ್ಡ್ ಮಾಡಿ. ಎರಡು ಬೇರೆ ಫೋಲ್ಡರಲ್ಲಿ, ಸಾಧ್ಯ ಆದ್ರೆ ಎರಡು ಬೇರೆ ಮೆಷಿನಲ್ಲಿ. ಹೊರಗೆ ಬಂದ ಫೈಲುಗಳ ಶಾ 256 ಚೆಕ್‌ಸಮ್ (ಫೈಲಿನ ಬೆರಳಚ್ಚಿನ ಹಾಗಿರುವ ಒಂದು ಸಂಖ್ಯೆ) ತೆಗೆದು ಹೋಲಿಸಿ ನೋಡಿ. ಹೆಚ್ಚಾಗಿ ತಾಳೆ ಆಗೋದಿಲ್ಲ. ತಾಳೆ ಆಗದಿದ್ರೆ ರಿಫ್ಯಾಕ್ಟರ್ (ಔಟ್‌ಪುಟ್ ಬದಲಾಗದ ಹಾಗೆ ಕೋಡ್ ಸರಿ ಮಾಡೋದು) ಅನ್ನೋ ಮಾತೇ ಬೇಡ, ಯಾಕಂದ್ರೆ ನಾಳೆ ನೀವು ಒಂದು ಸಾಲು ಬದಲಾಯಿಸಿದಾಗ ಔಟ್‌ಪುಟ್ ಬೇರೆ ಆದದ್ದು ನಿಮ್ಮಿಂದಲೋ ಅಲ್ಲ ಅದು ಯಾವಾಗಲೂ ಹಾಗೆಯೋ ಅಂತ ಹೇಳ್ಲಿಕ್ಕೆ ಆಗೋದಿಲ್ಲ.

ವ್ಯತ್ಯಾಸ ಎಲ್ಲಿ ಅಂತ ಹುಡುಕ್ಲಿಕ್ಕೆ ಡಿಫೋಸ್ಕೋಪ್ ಅಂತ ಒಂದು ಟೂಲ್ ಉಂಟು, ಜಿಪ್ ಒಳಗಿನ ಜಿಪ್ಪನ್ನೂ ಬಿಚ್ಚಿ ತೋರಿಸ್ತದೆ. ಕಳ್ಳರು ಹೆಚ್ಚಾಗಿ ಮೂರೇ ಜನ. ಒಂದು, ಬಿಲ್ಡ್ ಮಾಡಿದ ಟೈಮ್ ಫೈಲಿನೊಳಗೆ ಹೋಗಿ ಕೂತಿರೋದು. ಅದಕ್ಕೆ ಸೋರ್ಸ್ ಡೇಟ್ ಎಪಾಕ್ ಅನ್ನೋ ಎನ್ವಿರಾನ್ಮೆಂಟ್ ವೇರಿಯೇಬಲ್ (ಪ್ರೋಗ್ರಾಮಿಗೆ ಹೊರಗಿಂದ ಕೊಡುವ ಸೆಟ್ಟಿಂಗ್) ಇಟ್ಕೊಳ್ಳುವ ಪದ್ಧತಿ ಉಂಟು, 1970 ಜನವರಿ 1ರಿಂದ ಎಷ್ಟು ಸೆಕೆಂಡ್ ಅಂತ ಒಂದು ಸಂಖ್ಯೆ, ಗಿಟ್ಟಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನ ದಾಖಲಿಸಿಡುವ ಟೂಲ್) ಕೊನೇ ಕಮಿಟ್ಟಿನ, ಅಂದ್ರೆ ಕೊನೇ ದಾಖಲೆಯ, ಟೈಮನ್ನೇ ಕೊಟ್ಟುಬಿಡಿ. ಸೊನ್ನೆ ಕೊಡ್ಬೇಡಿ, ಜಿಪ್ ಫಾರ್ಮ್ಯಾಟಿಗೆ 1980ಕ್ಕಿಂತ ಹಿಂದಿನ ತಾರೀಕು ಗೊತ್ತೇ ಇಲ್ಲ, ಆ ಟೈಮನ್ನ ಜಿಪ್‌ಗೆ ಹಾಕ್ಲಿಕ್ಕೆ ಹೋದ್ರೆ ಪೈಥಾನ್ ಅಲ್ಲೇ ಎರರ್ ಕೊಟ್ಟು ನಿಲ್ತದೆ. ಎರಡನೇದು ಫೋಲ್ಡರ್ ಪಾತ್, ಯೂಸರ್ ನೇಮ್ ಇಂಥದ್ದು. ಮೂರನೇದು ಫೈಲುಗಳ ಆರ್ಡರ್, ಇದು ಸ್ವಲ್ಪ ಹುಷಾರಿ. ಗ್ನೂ ಮೇಕಿನ ವೈಲ್ಡ್‌ಕಾರ್ಡ್ (ಒಂದು ನಮೂನೆಗೆ ಹೊಂದುವ ಫೈಲುಗಳ ಪಟ್ಟಿ ಕೊಡುವ ಫಂಕ್ಷನ್) ಮೊದಲು ಫೈಲುಗಳನ್ನ ಸಾರ್ಟ್ ಮಾಡಿ ಕೊಡ್ತಿತ್ತು, 2010ರ 3.82 ವರ್ಷನಲ್ಲಿ ಅದನ್ನ ತೆಗೆದ್ರು, 2020ರ 4.3ರಲ್ಲಿ ವಾಪಸ್ ತಂದ್ರು. ಹಾಗಾಗಿ ಒಂದು ಮೆಷಿನಲ್ಲಿ ಸರಿ ಬರೋದು ಇನ್ನೊಂದರಲ್ಲಿ ಕೈಕೊಡ್ತದೆ. ಮೇಕ್ ಆಗ್ಲಿ ಪೈಥಾನ್ ಆಗ್ಲಿ, ಫೈಲ್ ಲಿಸ್ಟ್ ತೆಗೆದಲ್ಲೆಲ್ಲ ನೀವೇ ಸಾರ್ಟ್ ಹಾಕಿಬಿಡಿ, ಯಾರನ್ನೂ ನಂಬ್ಬೇಡಿ.

ಚೆಕ್‌ಸಮ್ ತಾಳೆ ಆಯ್ತಾ, ಈಗ ಆ ಔಟ್‌ಪುಟ್ಟನ್ನ ಒಂದು ಕಡೆ ತೆಗೆದಿಡಿ. ಮುಂದೆ ಪ್ರತಿ ಬದಲಾವಣೆಗೂ ಅದೇ ಸಾಕ್ಷಿ.

ಇದರ ಉಪಯೋಗ ಎಷ್ಟು ಅಂತ ಒಂದು ಉದಾಹರಣೆ ಹೇಳ್ತೇನೆ. ಮಲಯಾಳದಲ್ಲಿ ಚಿಲ್ಲಕ್ಷರ ಅಂತ ಉಂಟಲ್ಲ, ರಾಜನ್ ಅನ್ನೋ ಹೆಸರಿನ ಕೊನೇ ನ್ ಹಾಗೆ. 2008ರಲ್ಲಿ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಕೋಡ್ ಕೊಡುವ ಪದ್ಧತಿ) 5.1 ಬಂದಾಗ ಅವಕ್ಕೆ ಸ್ವಂತ ಕೋಡ್ ಸಿಕ್ಕಿತು, ಅದಕ್ಕಿಂತ ಮೊದಲು ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಗುರುತು), ಅದರ ಹಿಂದೆ ಜಾಯಿನರ್ ಅಂತ, ಅಕ್ಷರ ಹೇಗೆ ಕೂಡ್ಬೇಕು ಅಂತ ಹೇಳುವ, ಕಣ್ಣಿಗೆ ಕಾಣದ ಒಂದು ಗುರುತು ಹೀಗೆ ಮೂರು ಸೇರಿಸಿ ಬರೀತಿದ್ರು. ಸ್ಕ್ರೀನಲ್ಲಿ ಎರಡೂ ಒಂದೇ ಥರ ಕಾಣ್ತದೆ, ಆದ್ರೆ ಹುಡುಕಿದ್ರೆ ಹಳೇ ರಾಜನ್ ಬೇರೆ, ಹೊಸ ರಾಜನ್ ಬೇರೆ. ಯೂನಿಕೋಡಿನ ಮಾಮೂಲಿ ನಾರ್ಮಲೈಸೇಷನ್ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನ ಒಂದು ಮಾಡುವ ನಿಯಮ) ಕೂಡ ಇದನ್ನ ಒಂದು ಮಾಡೋದಿಲ್ಲ. ಹಾಗಾಗಿ ಹಳೇ ಬಿಲ್ಡ್ ಟೂಲುಗಳಲ್ಲಿ ಮಲಯಾಳ ಫೈಲುಗಳಿಗೆ ಮಾತ್ರ ಒಂದು ಫಂಕ್ಷನ್ ಇರ್ತದೆ, ಹಳೇ ರೂಪವನ್ನ ಹೊಸದಕ್ಕೆ ತಿರುಗಿಸಿ ಉಳಿದ ಜಾಯಿನರ್ ಗುಡಿಸಿ ಹಾಕೋದು. ಹೊಸಬ ಒಬ್ಬ ಬಂದು ನೋಡ್ತಾನೆ, ಕನ್ನಡಕ್ಕೆ ಒಂದು ಕ್ಲೀನಪ್, ಮಲಯಾಳಕ್ಕೆ ಒಂದು ಕ್ಲೀನಪ್, ಎಂತಕ್ಕೆ ಎರಡು, ಒಂದೇ ಮಾಡುವ ಅಂತ ಸೇರಿಸ್ತಾನೆ. ಕೋಡ್ ಚಂದ ಆಯ್ತು, ಬಿಲ್ಡ್ ಪಾಸ್. ಆದ್ರೆ ಕನ್ನಡದಲ್ಲಿ ರ‍್ಯಾಕ್ ನಂಬರ್ ಅಂತ ಇದ್ದಲ್ಲಿ ರ ಆದ ಮೇಲೆ ಅದೇ ಜಾಯಿನರ್ ಬೇಕೇ ಬೇಕು, ಅದು ಹೋದ್ರೆ ಅರ್ಕಾವತ್ತು ಬಂದು ಕೂತ್ಕೊಳ್ತದೆ, ಗೋಡೌನಿನ ಚೀಟಿಯಲ್ಲಿ ರ್ಯಾಕ್ ಅಂತ ಪ್ರಿಂಟಾಗ್ತದೆ. ಯಾವ ಟೆಸ್ಟೂ ಹಿಡಿಯೋದಿಲ್ಲ ಇದನ್ನ. ತೆಗೆದಿಟ್ಟ ಔಟ್‌ಪುಟ್ ಜೊತೆ ಬೈಟ್ ಬೈಟ್ ಹೋಲಿಸಿದ್ರೆ ಮಾತ್ರ ಕನ್ನಡ ಫೈಲು ಮೂರು ಬೈಟ್ ಸಣ್ಣ ಆದದ್ದು ಕಾಣ್ತದೆ.

ಹಾಗಂತ ಏನೂ ಬದಲಾಯಿಸ್ಲೇಬಾರ್ದು ಅಂತಲ್ಲ. ಹಳೇ ತೋಟದಲ್ಲಿ ಕಂಗು (ಅಡಿಕೆ ಮರ) ಎಲ್ಲ ಒಟ್ಟಿಗೆ ಕಡಿಯೋದುಂಟಾ, ನಡುನಡುವೆ ಸಸಿ ನೆಟ್ಟು ಅದು ಫಸಲಿಗೆ ಬಂದ ಮೇಲೆ ಹಳೇದನ್ನ ತೆಗೆಯೋದಲ್ವಾ, ಹಾಗೆ ಒಂದೊಂದೇ ಸ್ಟೆಪ್ ತೆಗೊಳ್ಳಿ. ಉದಾಹರಣೆಗೆ ಇನ್‌ಸ್ಟಾಲರ್ ಪ್ಯಾಕ್ ಮಾಡುವ ಶೆಲ್ ಸ್ಕ್ರಿಪ್ಟನ್ನ ಪೈಥಾನಿಗೆ ಬರೆದ್ರಿ ಅಂತಿಟ್ಕೊಳ್ಳಿ, ಒಂದೆರಡು ರಿಲೀಸ್ ತನಕ ಹಳೇದೂ ಹೊಸದೂ ಎರಡೂ ಓಡ್ಲಿ, ಗಿರಾಕಿಗೆ ಹೋಗೋದು ಹಳೇದರದ್ದೇ, ಹೊಸದರದ್ದನ್ನ ಪಕ್ಕದಲ್ಲಿಟ್ಟು ಹೋಲಿಸೋದು. ಅದು ಸರಿ ಬಂದ್ಮೇಲೆ ಹಳೇದನ್ನ ಡಿಲೀಟ್ ಮಾಡಿ, ಕಮೆಂಟ್ ಹಾಕಿ ಇಟ್ಕೊಳ್ಬೇಡಿ, ಗಿಟ್ಟಲ್ಲಿ ಉಂಟಲ್ಲ. ಮತ್ತೆ ಒಂದು ಕಮಿಟ್ಟಲ್ಲಿ ಔಟ್‌ಪುಟ್ ಬದಲಾಗ್ಬೇಕು ಅಥವಾ ಔಟ್‌ಪುಟ್ ಹಾಗೇ ಇದ್ದು ಕೋಡಿನ ರಚನೆ ಮಾತ್ರ ಬದಲಾಗ್ಬೇಕು, ಎರಡೂ ಒಟ್ಟಿಗೆ ಮಾಡಿದ್ರೆ ಮುಂದೆ ಗಿಟ್ ಬೈಸೆಕ್ಟ್ (ಯಾವ ಕಮಿಟ್ಟಲ್ಲಿ ಹಾಳಾಯ್ತು ಅಂತ ಹುಡುಕುವ ಕಮಾಂಡ್) ಹಾಕಿದ್ರೂ ನಿಮಗೆ ಉತ್ತರ ಸಿಗೋದಿಲ್ಲ.

ಮಳೆಗಾಲದ ಒಂದು ವಿಷಯ. ಜೂನಲ್ಲಿ ಕರೆಂಟ್ ಯಾವಾಗ ಹೋಗ್ತದೆ ಅಂತ ಹೇಳ್ಲಿಕ್ಕಾಗೋದಿಲ್ಲ, ಇನ್ವರ್ಟರ್ ಕೂಡ ಕೈಕೊಟ್ರೆ ಅರ್ಧ ಬರೆದ ಫೈಲು ಡಿಸ್ಕಲ್ಲಿ ಉಳೀತದೆ. ಮೇಕ್ ನೋಡೋದು ಟೈಮ್ ಮಾತ್ರ. ಫೈಲು ಸೋರ್ಸಿಗಿಂತ ಹೊಸತು, ಅಂದ್ರೆ ಕೆಲಸ ಆಯ್ತು ಅಂತ ಮುಂದೆ ಹೋಗ್ತದೆ. ಎರರ್ ಬಂದ್ರೆ ಅರ್ಧ ಆದ ಫೈಲನ್ನ ಅಳಿಸ್ಲಿಕ್ಕೆ ಮೇಕಿಗೆ ಹೇಳುವ ಡಿಲೀಟ್ ಆನ್ ಎರರ್ ಹಾಕಿದ್ರೂ ಇಲ್ಲಿ ಪ್ರಯೋಜನ ಇಲ್ಲ, ಡಿಲೀಟ್ ಮಾಡ್ಲಿಕ್ಕೆ ಮೇಕೇ ಬದುಕಿ ಇರ್ಬೇಕಲ್ಲ. ಅದಕ್ಕೆ ಯಾವತ್ತೂ ಅದೇ ಡಿಸ್ಕಲ್ಲಿ ಟೆಂಪ್ ಹೆಸರಲ್ಲಿ ಬರೆದು, ಸಿಂಕ್ ಮಾಡಿ (ಡಿಸ್ಕಿಗೆ ನಿಜಕ್ಕೂ ಬರೆಸಿ), ಪೂರ್ತಿ ಆದ್ಮೇಲೆ ರಿನೇಮ್ ಮಾಡಿ.

ಪ್ಯಾರಲಲ್ ಬಿಲ್ಡ್ (ಹಲವು ಕೆಲಸ ಒಟ್ಟಿಗೆ ಓಡಿಸೋದು) ಒಮ್ಮೊಮ್ಮೆ ಮಾತ್ರ ಫೇಲ್ ಆಗ್ತದಾ? ಎಲ್ಲೋ ಡಿಪೆಂಡೆನ್ಸಿ (ಯಾವುದು ಆದ ಮೇಲೆ ಯಾವುದು ಅನ್ನೋದು) ಬರೀಲಿಕ್ಕೆ ಬಿಟ್ಟಿದ್ದಾರೆ. ಗ್ನೂ ಮೇಕ್ 4.4ರಿಂದ, ಅಂದ್ರೆ 2022ರಿಂದ, ಶಫಲ್ ಅಂತ ಆಪ್ಷನ್ ಉಂಟು, ಕೆಲಸಗಳ ಕ್ರಮವನ್ನ ಬೇಕಂತಲೇ ಕಲಸಿ ಓಡಿಸ್ತದೆ. ವಾರಕ್ಕೊಮ್ಮೆ ಓಡಿಸಿ, ಬಿಟ್ಟದ್ದೆಲ್ಲ ಹೊರಗೆ ಬೀಳ್ತದೆ.

ಟೂಲಿನ ಹಳೇ ಆಪ್ಷನ್ ತೆಗೆಯೋದಿದ್ರೆ ಬೇಗ ತೆಗೀರಿ. ಮೇಕ್‌ಫೈಲಲ್ಲಿ ಕಮಾಂಡ್ ಸಾಲಿನ ಮೊದಲು ಟ್ಯಾಬ್ ಹಾಕದಿದ್ರೆ ಮೇಕ್ ಬೈತದಲ್ಲ, 1976ರಲ್ಲಿ ಮೇಕ್ ಬರೆದ ಸ್ಟೂವರ್ಟ್ ಫೆಲ್ಡ್‌ಮನ್ ಅದನ್ನ ಬದಲಾಯಿಸದೆ ಬಿಟ್ಟದ್ದು ಯಾಕಂದ್ರೆ ಆಗಲೇ ಹತ್ತು ಹನ್ನೆರಡು ಜನ ಬಳಸ್ತಿದ್ರು, ಅವ್ರಿಗೆ ತೊಂದರೆ ಬೇಡ ಅಂತ. ಆ ಹನ್ನೆರಡು ಜನರಿಗೋಸ್ಕರ ಪ್ರಪಂಚ ಇವತ್ತಿಗೂ ಟ್ಯಾಬ್ ಒತ್ತುತ್ತಾ ಉಂಟು. ಒಂದು ರಿಲೀಸ್ ವಾರ್ನಿಂಗ್ ಕೊಡಿ, ಮುಂದಿನದರಲ್ಲಿ ಎರರ್, ಅದರ ಮುಂದಿನದರಲ್ಲಿ ತೆಗೆದುಬಿಡಿ.

ಪೈಥಾನ್ ವರ್ಷನ್ ವಿಷಯ ಮುಂದೂಡ್ಬೇಡಿ. 2ಕ್ಕೆ ಸಪೋರ್ಟ್ ನಿಂತದ್ದು 2020ರ ಜನವರಿ 1ಕ್ಕೆ, 2023ರ 3.12ರಲ್ಲಿ ಪ್ಯಾಕೇಜ್ ಕಟ್ಟುವ ಲೈಬ್ರರಿ ಡಿಸ್ಟ್‌ಯುಟಿಲ್ಸ್ ಕೂಡ ಹೋಯ್ತು, ಹಳೇ ಬಿಲ್ಡ್ ಸ್ಕ್ರಿಪ್ಟುಗಳಲ್ಲಿ ಅದು ಎಲ್ಲಾದರೂ ಒಂದು ಮೂಲೆಯಲ್ಲಿ ಇಂಪೋರ್ಟ್ ಆಗಿರ್ತದೆ. ವರ್ಷಕ್ಕೊಂದು ವರ್ಷನ್ ಹತ್ತಿದ್ರೆ ಅರ್ಧ ದಿನದ ಕೆಲಸ, ಐದು ವರ್ಷ ಬಿಟ್ಟು ಹತ್ತಿದ್ರೆ ಒಂದು ತಿಂಗಳು ಕೂರ್ಬೇಕು.

ಮತ್ತೆ ಡಾಕ್ಯುಮೆಂಟ್. ಉದ್ದ ಬರೀಬೇಡಿ, ಯಾರೂ ಓದೋದಿಲ್ಲ. ವಿಚಿತ್ರ ಕಾಣುವ ಸಾಲಿನ ಮೇಲೆ ಯಾಕೆ ಅಂತ ಒಂದು ಸಾಲು, ಅಷ್ಟೇ. ಕೆಲಸಕ್ಕೆ ಹೊಸಬರು ಸೇರಿದ ದಿನ ಖಾಲಿ ಲ್ಯಾಪ್‌ಟಾಪ್ ಕೊಟ್ಟು ಬಿಲ್ಡ್ ಮಾಡು ಅಂತ ಹೇಳಿ, ಬಾಯಿ ಮುಚ್ಚಿ ಪಕ್ಕದಲ್ಲಿ ಕೂತ್ಕೊಳ್ಳಿ. ಎಲ್ಲಿ ನಿಮ್ಮ ಮುಖ ನೋಡ್ತಾರೋ ಆ ಜಾಗದಲ್ಲಿ ಟೂಲೇ ಮಾತಾಡ್ಬೇಕು, ಮಲಯಾಳ ಫಾಂಟ್ ಇಲ್ಲ, ಮೊದಲು ಅದನ್ನ ಹಾಕಿ ಮತ್ತೆ ಓಡಿಸಿ ಅಂತ ನೇರ ಹೇಳುವ ಹಾಗೆ ಎರರ್ ಮೆಸೇಜನ್ನ ಅವ್ರ ಕೈಯಿಂದಲೇ ಬರೆಸಿ ಕಮಿಟ್ ಮಾಡಿಸಿ.