ಮೂರನೇ ಆಟೀನ್ ಬಿದ್ದರೆ ಸೆಟ್ ಬಿಡಬೇಕಾ?

ಪಣಜಿಯ ಮಾಂಡೋವಿ ಕ್ಯಾಸಿನೊಗಳಲ್ಲಿ ಪೋಕರ್ ಆಡುವ ಕನ್ನಡದ ಗೆಳೆಯರಿಗೆ ಒಂದು ಮಾತು. ಕೈಯಲ್ಲಿ ಎಂಟರ ಜೋಡಿ, ಫ್ಲಾಪ್‌ನಲ್ಲಿ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಇನ್ನೊಂದು ಎಂಟು, ಜೊತೆಗೆ ಎರಡು ಆಟೀನ್ ಅಂದುಕೊಳ್ಳಿ. ಮೂರು ಎಂಟು ಸೇರಿ ನಿಮ್ಮದು ಸೆಟ್. ಇಲ್ಲೇ ದೊಡ್ಡ ಬೆಟ್ ಇಡಿ. ಫ್ಲಶ್‌ಗೆ, ಅಂದರೆ ಐದೂ ಆಟೀನ್ ಆಗಲಿ ಎಂದು, ಕಾಯುವವರಿಗೆ ಮುಂದಿನ ಎರಡು ಎಲೆಗಳಲ್ಲಿ ಅದು ಸಿಗುವ ಸಾಧ್ಯತೆ ಸುಮಾರು 35%. ಅಗ್ಗಕ್ಕೆ ನೋಡಲು ಬಿಡಬಾರದು.

ಟರ್ನ್‌ನಲ್ಲಿ (ನಾಲ್ಕನೇ ಎಲೆ) ಮೂರನೇ ಆಟೀನ್ ಬಿತ್ತು, ಅಲ್ಲಿಯವರೆಗೆ ಬರೀ ಕಾಲ್ ಮಾಡುತ್ತಿದ್ದವರು (ನೀವಿಟ್ಟಷ್ಟೇ ಇಡುತ್ತಿದ್ದವರು) ತಾವೇ ಬೆಟ್ ಇಟ್ಟರು. ಗಾಬರಿಯಿಂದ ಎಲೆ ಎಸೆಯಬೇಡಿ, ಇರುವ ಚಿಪ್ಸನ್ನೆಲ್ಲ ಇಡುವ ಆಲ್-ಇನ್ ಕೂಡ ಬೇಡ. ಫುಲ್ ಹೌಸ್ (ಮೂರು ಎಂಟರ ಜೊತೆ ಇನ್ನೊಂದು ಜೋಡಿ) ಅಥವಾ ನಾಲ್ಕನೇ ಎಂಟು ತರುವ 10 ಎಲೆಗಳು ಇನ್ನೂ ಇವೆ, ಅಂದರೆ ಹತ್ತಿರಹತ್ತಿರ 22%. ಪಾಟ್ (ಪಣಕ್ಕೆ ಬಿದ್ದ ಒಟ್ಟು ಹಣ) 10,000 ಇದ್ದು ಅವರು 5,000 ಇಟ್ಟರೆ, ಕಾಲ್ ನಷ್ಟವಾಗದಿರಲು ನಿಮಗೆ ಬೇಕಾದ ಗೆಲುವಿನ ಸಾಧ್ಯತೆ 25%. ಸ್ವಲ್ಪ ಕಡಿಮೆಯಾದರೂ ಎದುರಾಳಿ ಬ್ಲಫ್ ಮಾಡುತ್ತಿರಬಹುದು, ಬೇಕಾದ ಎಲೆ ಬಂದರೆ ಇನ್ನಷ್ಟು ಚಿಪ್ಸೂ ಸಿಗುತ್ತವೆ, ಕಾಲ್ ಮಾಡಿ.

ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಬೋರ್ಡ್, ಅಂದರೆ ಮೇಜಿನ ಎಲೆಗಳು, ಜೋಡಿಯಾಗದೆ, ಸಾಮಾನ್ಯವಾಗಿ ಬ್ಲಫ್ ಮಾಡದವರು ಮತ್ತೆ ದೊಡ್ಡದಾಗಿ ಇಟ್ಟರೆ ಮಾತ್ರ ಸೆಟ್ ಬಿಟ್ಟುಬಿಡಿ.