ಅವಧಿ ಮುಗಿದ ಗ್ರೀನ್ ಕಾರ್ಡ್ ಹಿಡಿದು ಊರಿಗೆ ಹೋಗಿ ಬಂದದ್ದು

ಅಮೆರಿಕದ ಖಾಯಂ ನಿವಾಸಿಯೆಂಬುದಕ್ಕೆ ಪುರಾವೆಯಾದ ನನ್ನ ಗ್ರೀನ್ ಕಾರ್ಡಿನ ಹತ್ತು ವರ್ಷದ ಅವಧಿ 2025ರ ಏಪ್ರಿಲ್ 8ಕ್ಕೆ ಮುಗಿಯಿತು. ಅಪ್ಪನ ವರ್ಷಾಬ್ದಿಕ ಅದೇ ವರ್ಷ ಮೇ 22ಕ್ಕೆ, ವೈಶಾಖ ಬಹುಳ ದಶಮಿಯಂದು, ಸಾಗರದ ಹತ್ತಿರದ ನಮ್ಮೂರಿನಲ್ಲಿ ನಡೆಯಬೇಕಿತ್ತು. ನವೀಕರಣಕ್ಕೆ ಅರ್ಜಿ ಹಾಕಿಯಾಗಿತ್ತು, ಹೊಸ ಕಾರ್ಡು ಮಾತ್ರ ಬಂದಿರಲಿಲ್ಲ. ತಿಥಿಯನ್ನು ಕಾರ್ಡಿಗಾಗಿ ಮುಂದೂಡುವಂತಿರಲಿಲ್ಲ. ನಾನಿರುವ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ಕನ್ನಡ ಬಲ್ಲ ಸ್ನೇಹಿತರಿಗೇನೂ ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು "ಹೊಸ ಕಾರ್ಡು ಕೈಗೆ ಬರುವ ತನಕ ದೇಶ ಬಿಟ್ಟು ಅಲ್ಲಾಡಬೇಡ" ಎಂದೇ ಹೇಳಿದರು. ಗ್ರೀನ್ ಕಾರ್ಡ್ ಇದ್ದವರನ್ನೂ ವಿಮಾನ ನಿಲ್ದಾಣದಲ್ಲಿ ತಡೆದರೆಂಬ ಆ ವರ್ಷದ ಸುದ್ದಿಗಳನ್ನು ಓದಿದವರು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವೂ ಇರಲಿಲ್ಲ.

ಹೋಗಬಹುದೆಂದು ನಾನು ನಿರ್ಧರಿಸಿದ್ದು ಧೈರ್ಯದಿಂದಲ್ಲ, ಕಾಗದಗಳನ್ನು ಕುಳಿತು ಓದಿದ್ದರಿಂದ. ಕಾರ್ಡಿನ ಅವಧಿ ಮುಗಿದರೆ ಖಾಯಂ ನಿವಾಸಿಯ ಸ್ಥಾನಮಾನ ಮುಗಿಯುವುದಿಲ್ಲ. ಮುಗಿಯುವುದು ಅದನ್ನು ತೋರಿಸುವ ಪುರಾವೆಯ ಅವಧಿ ಮಾತ್ರ. ಪುರಾವೆಗೂ ಒಂದು ವ್ಯವಸ್ಥೆಯಿದೆ. ಅವಧಿ ಮುಗಿಯುವ ಆರು ತಿಂಗಳ ಮೊದಲಿನಿಂದಲೇ ಐ-90 ಎಂಬ ಅರ್ಜಿಯನ್ನು ಸಲ್ಲಿಸಬಹುದು. ನಾನು ಜನವರಿಯಲ್ಲಿ ಆನ್‌ಲೈನ್ ಮೂಲಕ 415 ಡಾಲರ್ ಕಟ್ಟಿ ಸಲ್ಲಿಸಿದೆ. ಕಾಗದದ ಅರ್ಜಿಯಾಗಿದ್ದರೆ 465 ಆಗುತ್ತಿತ್ತು. ಸುಮಾರು ಎರಡು ವಾರದಲ್ಲಿ ಐ-797 ಎಂಬ ಸ್ವೀಕೃತಿ ಪತ್ರ ಅಂಚೆಯಲ್ಲಿ ಬಂತು. ಹಳೆಯ ಕಾರ್ಡಿನ ಜೊತೆಗೆ ಈ ಪತ್ರವನ್ನು ತೋರಿಸಿದರೆ ಕಾರ್ಡಿನ ಮೇಲಿರುವ ದಿನಾಂಕದಿಂದ 36 ತಿಂಗಳವರೆಗೆ ಅದು ಚಾಲ್ತಿಯಲ್ಲಿರುವ ಪುರಾವೆಯೆಂದು ಪತ್ರದಲ್ಲೇ ಬರೆದಿದೆ. ಮೊದಲು 24 ತಿಂಗಳಿದ್ದ ಈ ವಿಸ್ತರಣೆಯನ್ನು 36ಕ್ಕೆ ಏರಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಮದುವೆಯ ಆಧಾರದ ಮೇಲೆ ಎರಡು ವರ್ಷದ ಷರತ್ತಿನ ಕಾರ್ಡು ಪಡೆದವರ ದಾರಿ ಬೇರೆ. ಅವರು ಸಲ್ಲಿಸಬೇಕಾದ ಅರ್ಜಿಯೇ ಬೇರೆ.

ಪೌರತ್ವಕ್ಕೆ ಅರ್ಜಿ ಹಾಕಿದರೂ ಕಾರ್ಡು ತಾನಾಗಿ 24 ತಿಂಗಳು ವಿಸ್ತರಣೆಯಾಗುತ್ತದೆ, ಐ-90 ಬೇಕಾಗಿಯೇ ಇಲ್ಲ ಎಂದು ಒಬ್ಬರು ನೆನಪಿಸಿದರು. ಅದು ನಿಜ. ಆದರೆ ಭಾರತವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ನೀಲಿ ಪಾಸ್‌ಪೋರ್ಟ್ ಬಿಟ್ಟುಕೊಡುವ ಮನಸ್ಸು ನನಗೆ ಇನ್ನೂ ಬಂದಿಲ್ಲ, ಅಪ್ಪ ಹೋದ ವರ್ಷದಲ್ಲಂತೂ ಆ ಮಾತೇ ಬೇಡವಾಗಿತ್ತು.

ಖಾಯಂ ನಿವಾಸಕ್ಕೆ ತಾತ್ಕಾಲಿಕ ಪುರಾವೆಯಾಗುವ ಐ-551 ಮುದ್ರೆಯನ್ನೂ ಪಾಸ್‌ಪೋರ್ಟಿನಲ್ಲಿ ಹಾಕಿಸಿಕೊಂಡರೆ ಇನ್ನಷ್ಟು ಭದ್ರವೆಂದು ವಲಸೆ ಇಲಾಖೆಯ ಸಹಾಯವಾಣಿಗೆ ಕರೆ ಮಾಡಿದೆ. ಸ್ವೀಕೃತಿ ಪತ್ರವೂ ಹಳೆಯ ಕಾರ್ಡೂ ಕೈಯಲ್ಲಿರುವಾಗ ಮುದ್ರೆಯ ಅಗತ್ಯವಿಲ್ಲವೆಂಬ ಉತ್ತರ ಬಂತು. ನನಗೆ ನಿಜವಾಗಿ ಚಿಂತೆಯಾಗಿದ್ದು ಬೆರಳಚ್ಚಿನದು. ನಾನು ಊರಿನಲ್ಲಿರುವಾಗ ಬೆರಳಚ್ಚಿಗೆ ಕರೆ ಬಂದು, ಹೋಗದೆಯೂ ದಿನ ಬದಲಿಸಿಕೊಳ್ಳದೆಯೂ ಇದ್ದುಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆ ಎಣಿಸಬಹುದು. ಹಳೆಯ ಬೆರಳಚ್ಚನ್ನೇ ಬಳಸುವುದಾಗಿ ಮಾರ್ಚ್‌ನಲ್ಲಿ ಸೂಚನೆ ಬಂದ ಮೇಲೆಯೇ ನಾನು ಟಿಕೆಟ್ ತೆಗೆದದ್ದು.

ಮಾರ್ಗದ ಆಯ್ಕೆಯಲ್ಲೂ ಒಂದು ಎಚ್ಚರಿಕೆ ಬೇಕಾಯಿತು. ಭಾರತದ ಪಾಸ್‌ಪೋರ್ಟ್ ಇರುವವರಲ್ಲಿ ಯುರೋಪಿನ ಕೆಲವು ವಿಮಾನ ನಿಲ್ದಾಣಗಳಲ್ಲಿ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತಿದ್ದರು. ಚಾಲ್ತಿಯಲ್ಲಿರುವ ಗ್ರೀನ್ ಕಾರ್ಡ್ ಉಳ್ಳವರಿಗೆ ಅದರಿಂದ ವಿನಾಯಿತಿ. ಅವಧಿ ಮುಗಿದ ಕಾರ್ಡಿಗೆ ಒಂದು ಪತ್ರ ಜೋಡಿಸಿ ಅದನ್ನು ಅಲ್ಲಿನ ಸಿಬ್ಬಂದಿಗೆ ವಿವರಿಸುವ ಉಸಾಬರಿ ಬೇಡವೆಂದು, ನೂರು ಡಾಲರ್ ಹೆಚ್ಚಾದರೂ ಸರಿಯೆಂದು, ಗಲ್ಫ್ ಮಾರ್ಗವನ್ನೇ ಹಿಡಿದೆ. ನಾಲ್ಕು ವಾರದ ಪ್ರವಾಸವಾದ್ದರಿಂದ ಆರು ತಿಂಗಳು ಮೀರಿ ಹೊರಗಿದ್ದರೆ ಏಳುವ ಪ್ರಶ್ನೆಗಳು ನನಗೆ ಅನ್ವಯಿಸುತ್ತಿರಲಿಲ್ಲ.

ಅಮೆರಿಕದಿಂದ ಹೊರಡುವಾಗ ಯಾರೂ ಕಾರ್ಡು ಕೇಳಲಿಲ್ಲ. ವರ್ಷಾಬ್ದಿಕ ಸಾಂಗವಾಗಿ ನಡೆಯಿತು.

ಪರೀಕ್ಷೆ ಎದುರಾದದ್ದು ಜೂನ್ 11ರ ಬೆಳಗಿನ ಜಾವ, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ. ಅಲ್ಲಿದ್ದ ಯುವತಿ ನನ್ನ ಕಾರ್ಡು ನೋಡಿ ತಲೆಯಾಡಿಸಿ, ಹಿಂಬದಿಯನ್ನು ಯಂತ್ರಕ್ಕೆ ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು. ಆಮೇಲೆ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಸರ್, ಸಿಸ್ಟಮ್ ತಗೊಳ್ತಾ ಇಲ್ಲ, ಎಕ್ಸ್‌ಪೈರ್ ಆಗಿದೆ ಅಂತಿದೆ. ಆದ್ರೆ ಇಲ್ಲಿ ಆಗಸ್ಟ್ ನಾಲ್ಕರವರೆಗೂ ಇದೆಯಲ್ಲ?"

ಕಾರ್ಡಿನ ಮೇಲೆ ಅಚ್ಚಾಗಿದ್ದದ್ದು 04/08/25. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ನಾವು ದಿನವನ್ನು. ಅವಳ ಓದಿನಲ್ಲಿ ನನ್ನ ಕಾರ್ಡಿಗೆ ಇನ್ನೂ ಸುಮಾರು ಎರಡು ತಿಂಗಳ ಆಯುಸ್ಸಿತ್ತು. ಹಿಂಬದಿಯ ಯಂತ್ರಾಕ್ಷರಗಳನ್ನು ಓದಿದ ಕಂಪ್ಯೂಟರಿಗೆ ಅದು ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ಸುಮ್ಮನಿದ್ದರೆ ಗೊಂದಲ ಬೆಳೆಯುತ್ತದೆಂದು ನಾನೇ ಹೇಳಿದೆ: "ಅಲ್ಲಮ್ಮ, ಅದು ಏಪ್ರಿಲ್ ಎಂಟು, ಮುಗಿದುಹೋಗಿದೆ. ಅದಕ್ಕೇ ಈ ಪತ್ರ ಕೊಟ್ಟಿದ್ದಾರೆ, ನೋಡಿ."

ಪತ್ರದ ತೊಡಕು ಏನೆಂದರೆ, ಅದರಲ್ಲಿ ಹೊಸ ದಿನಾಂಕ ಇರುವುದಿಲ್ಲ. ಕಾರ್ಡಿನ ದಿನಾಂಕಕ್ಕೆ 36 ತಿಂಗಳು ಕೂಡಿಸಿ 2028ರ ಏಪ್ರಿಲ್ 8 ಎಂದು ಓದುವವರೇ ಲೆಕ್ಕ ಹಾಕಬೇಕು. ಬೆಳಗಿನ ಜಾವ ಎರಡೂವರೆಗೆ, ಹಿಂದೆ ಇಪ್ಪತ್ತು ಜನ ನಿಂತಿರುವಾಗ ಹಾಗೆ ಲೆಕ್ಕ ಹಾಕಲು ಯಾರೂ ಇಷ್ಟಪಡುವುದಿಲ್ಲ. ಅವಳು ಮೇಲಧಿಕಾರಿಯನ್ನು ಕರೆದಳು. ಅವರು ಬಂದು ಪಾಸ್‌ಪೋರ್ಟ್, ಕಾರ್ಡು, ಮೂಲ ಪತ್ರ ಮೂರನ್ನೂ ತೆಗೆದುಕೊಂಡು ಒಳಗೆ ಹೋದರು. ನಲವತ್ತು ನಿಮಿಷ ನನ್ನ ಕೈಯಲ್ಲಿ ಒಂದೂ ದಾಖಲೆಯಿಲ್ಲದೆ ಸೂಟ್‌ಕೇಸಿನ ಪಕ್ಕ ನಿಂತಿದ್ದೆ. ಅದೊಂದು ತಪ್ಪು ಮಾಡಿದೆ: ಮೂಲ ಪತ್ರವನ್ನು ಕಣ್ಣೆದುರೇ ನೋಡಿಸಿ, ಒಳಗೆ ಒಯ್ಯಲು ನಕಲನ್ನು ಕೊಡಬೇಕಿತ್ತು. ಆ ಮೂಲ ಪತ್ರ ಕಳೆದಿದ್ದರೆ ಪೇಚಾಟ ಅಲ್ಲಿಂದಲೇ ಶುರುವಾಗುತ್ತಿತ್ತು. ಕಾರ್ಡೂ ಕಳೆದರೆ ಅಮೆರಿಕದ ಕಾನ್ಸುಲೇಟಿನಲ್ಲಿ ಐ-131ಎ ಅರ್ಜಿ ಹಾಕಿ, ವಿಮಾನ ಹತ್ತುವುದಕ್ಕೆ ಬೇಕಾದ ಪತ್ರವನ್ನು ಪಡೆಯುವವರೆಗೆ ಕಾಯಬೇಕು.

ನನ್ನ ಕಡತದಲ್ಲಿ ಸಂಬಳದ ಚೀಟಿ, ತೆರಿಗೆಯ ಪ್ರತಿ, ಮನೆ ಸಾಲದ ಕಾಗದ ಎಲ್ಲವೂ ಇದ್ದವು. ಅವನ್ನು ಯಾರೂ ಕೇಳಲಿಲ್ಲ. ಕೆಲಸಕ್ಕೆ ಬಂದದ್ದು, ಹೊರಡುವ ಮುನ್ನ ಅಮೆರಿಕದ ವಲಸೆ ಇಲಾಖೆಯ ಜಾಲತಾಣದಿಂದ ಮುದ್ರಿಸಿಕೊಂಡಿದ್ದ ಎರಡು ಹಾಳೆ: ಒಂದು 36 ತಿಂಗಳ ವಿಸ್ತರಣೆಯನ್ನು ಹೇಳುವುದು, ಇನ್ನೊಂದು ಹತ್ತು ವರ್ಷದ ಕಾರ್ಡಿನ ಅವಧಿ ಮುಗಿದಿದ್ದರೂ ವಿಮಾನ ಸಂಸ್ಥೆ ಪ್ರಯಾಣಿಕನನ್ನು ಹತ್ತಿಸಿಕೊಳ್ಳಬಹುದೆಂದು ಹೇಳುವುದು. ಹತ್ತಿಸಿಕೊಳ್ಳಬಹುದು ಎಂದಷ್ಟೇ ಅಲ್ಲಿರುವುದು, ಹತ್ತಿಸಿಕೊಳ್ಳಲೇಬೇಕು ಎಂದಲ್ಲ. ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ದಂಡ ಬೀಳುವುದು ವಿಮಾನ ಸಂಸ್ಥೆಗೆ. ಅವರ ಹಿಂಜರಿಕೆಯಲ್ಲಿ ಅನ್ಯಾಯವೇನೂ ನನಗೆ ಕಾಣಲಿಲ್ಲ, ನಿಂತು ಕಾಲು ನೋವಾಗಿದ್ದು ಬೇರೆ ಮಾತು. ಮೇಲಧಿಕಾರಿ ಹಿಂದಿರುಗಿ "ಕನ್ಫರ್ಮ್ ಆಯ್ತು ಸರ್, ಬ್ಯಾಗ್ ಇಡಿ" ಎಂದಾಗ ಆ ಎರಡು ಹಾಳೆಗಳನ್ನು ನಕಲು ಮಾಡಿಸಿ ಇಟ್ಟುಕೊಳ್ಳಬಹುದೇ ಎಂದೂ ಕೇಳಿದರು. ನಾನು ಮೂಲ ಹಾಳೆಗಳನ್ನೇ ಕೊಟ್ಟುಬಿಟ್ಟೆ.

ವಿಮಾನ ಬದಲಿಸುವಲ್ಲಿ ಗೇಟಿನ ಬಳಿ ಮತ್ತೊಮ್ಮೆ ದಾಖಲೆ ನೋಡಿದರು, ಒಂದು ನಿಮಿಷವೂ ಹಿಡಿಯಲಿಲ್ಲ.

ಷಿಕಾಗೊದ ಓಹೇರ್‌ನಲ್ಲಿ ಇಳಿಯುವಾಗ ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಬೇಡ, ಅದರಲ್ಲೂ ನಿವಾಸವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಐ-407ಕ್ಕೆ ಸಹಿ ಹಾಕಬೇಡ, ನ್ಯಾಯಾಧೀಶರ ಮುಂದೆ ಹಾಜರಾಗುತ್ತೇನೆಂದು ಹೇಳು ಎಂದು ಹೆಂಡತಿ ಮೂರು ಸಲ ಹೇಳಿ ಕಳಿಸಿದ್ದಳು. ಅಧಿಕಾರಿ ಫೋಟೊ ತೆಗೆದ, ಪರದೆ ನೋಡಿದ, "ನವೀಕರಣಕ್ಕೆ ಹಾಕಿದ್ದೀರಾ?" ಎಂದು ಕೇಳಿದ. ಹೌದೆಂದು ಪತ್ರದ ಮಡಿಕೆ ಬಿಚ್ಚುವಷ್ಟರಲ್ಲಿ ಪಾಸ್‌ಪೋರ್ಟನ್ನು ಹಿಂದಕ್ಕೆ ತಳ್ಳಿ ಮುಂದಿನವರನ್ನು ಕರೆದ. ಅವನ ಕಂಪ್ಯೂಟರಿನಲ್ಲಿ ನನ್ನ ಅರ್ಜಿಯ ವಿವರ ಮೊದಲೇ ಇತ್ತು. ಬೆಂಗಳೂರಿನ ಕೌಂಟರಿನಲ್ಲಿದ್ದವಳಿಗೆ ಆ ಅನುಕೂಲವಿರಲಿಲ್ಲ. ಅದರಿಂದ ಈಗ ಯಾರಾದರೂ ಕೇಳಿದರೆ, ತಯಾರಿಯನ್ನೆಲ್ಲ ಹೊರಡುವ ನಿಲ್ದಾಣದ ಕೌಂಟರಿಗಾಗಿ ಮಾಡಿಕೊಳ್ಳಿ, ಮಾಮೂಲಿಗಿಂತ ಎರಡು ಗಂಟೆ ಮೊದಲೇ ಹೋಗಿ, ಕಾರ್ಡಿನ ದಿನಾಂಕವನ್ನೂ ವಿಸ್ತರಣೆ ಮುಗಿಯುವ ದಿನಾಂಕವನ್ನೂ ತಿಂಗಳ ಹೆಸರಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ನಕಲು ಪ್ರತಿಗೆ ಅಂಟಿಸಿಕೊಳ್ಳಿ ಎಂದು ಹೇಳುತ್ತೇನೆ. ಮೂಲ ಪತ್ರದ ಮೇಲೆ ಮಾತ್ರ ಏನನ್ನೂ ಬರೆಯಬಾರದು.

ಹೊಸ ಕಾರ್ಡು ಸೆಪ್ಟೆಂಬರ್ ಕೊನೆಯಲ್ಲಿ ಅಂಚೆ ಪೆಟ್ಟಿಗೆಯಲ್ಲಿತ್ತು. ಮೊದಲು ನೋಡಿದ್ದು ಫೋಟೊವನ್ನಲ್ಲ, ದಿನಾಂಕವನ್ನು: 09/22/35. ಇಪ್ಪತ್ತೆರಡನೆಯ ತಿಂಗಳು ನಮ್ಮ ಪಂಚಾಂಗದಲ್ಲೂ ಇಲ್ಲ, ಅವರ ಕ್ಯಾಲೆಂಡರಿನಲ್ಲೂ ಇಲ್ಲ.